ಕೈಯಲ್ಲಿ ಹಿಡಿಯುವ ಜಿಪಿಎಸ್: ರಸ್ತೆಗೆಷ್ಟು, ಕಡಲಿಗೆಷ್ಟು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿದಾಗ "ನೀನು ಬಿಇ ಮಾಡಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದೀಯಲ್ಲ, ಕಂಪ್ಯೂಟರ್ ಬಗ್ಗೆ ಏನಾದ್ರೂ ಹೇಳು ಮಾರಾಯ" ಅಂದರು. ಕಂಪ್ಯೂಟರ್ ಬಗ್ಗೆ ಹೇಳಲು ಈಗ ನಮ್ಮ ಹೈಸ್ಕೂಲಿನ ಮಕ್ಕಳೇ ಸಾಕು. ಆದ್ದರಿಂದ ನಮ್ಮೂರಿನ ಎರಡು ಬಗೆಯ ಜನರಿಗೂ ಕೆಲಸಕ್ಕೆ ಬರುವ ಒಂದು ಸಣ್ಣ ಯಂತ್ರವನ್ನು ಆರಿಸಿಕೊಂಡೆ. ನಮ್ಮಲ್ಲಿ ಅರ್ಧ ಮನೆಯವರು ಕಡಲಿಗೆ ಹೋಗುವವರು. ಉಳಿದರ್ಧ ಮನೆಯವರು ಟೆಂಪೊ, ಲಾರಿ, ಬೈಕು ಅಂತ ಘಟ್ಟ ಹತ್ತಿ ಇಳಿಯುವವರು. ಇಬ್ಬರಿಗೂ ಬೇಕಾದದ್ದು ಎರಡೇ ಸಂಗತಿ: ನಾನೀಗ ಎಲ್ಲಿದ್ದೇನೆ? ಹೋಗಬೇಕಾದ ಜಾಗ ಯಾವ ದಿಕ್ಕಿಗೆ, ಎಷ್ಟು ದೂರ?

ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಈ ಎರಡಕ್ಕೂ ಉತ್ತರ ಕೊಡುತ್ತದೆ. ನೋಡಲು ಹಳೆಯ ಕಾಲದ ದಪ್ಪ ಮೊಬೈಲಿನ ಹಾಗೆ ಇರುತ್ತದೆ, ಸಾಮಾನ್ಯವಾಗಿ ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ ಸಾಕು. ಆದರೆ ಮೂರನೆಯ ಪ್ರಶ್ನೆಯೊಂದಿದೆ: ನಡುವೆ ಏನಿದೆ? ಅದಕ್ಕೆ ಯಂತ್ರದಲ್ಲಿ ಪೂರ್ತಿ ಉತ್ತರ ಇರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಮೂರನೆಯ ಪ್ರಶ್ನೆಯ ಸುತ್ತಲೇ.

ಯಂತ್ರಕ್ಕೆ ಜಾಗ ತಿಳಿಯುವುದು ಹೇಗೆ?

ಮೊದಲು ವಿದ್ಯಾರ್ಥಿಗಳಿಗೆ ಸ್ವಲ್ಪ ವಿಜ್ಞಾನ. ತೇರಿನ ದಿನ ದೂರದಲ್ಲಿ ಗರ್ನಾಲು ಹೊಡೆದಾಗ ಮೊದಲು ಬೆಳಕು ಕಾಣುತ್ತದೆ, ಆಮೇಲೆ ಸದ್ದು ಕೇಳುತ್ತದೆ. ನಡುವೆ 3 ಸೆಕೆಂಡು ಕಳೆದರೆ ಗರ್ನಾಲು ಸುಮಾರು 1 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಸಮಯದಿಂದ ದೂರ ಅಳೆಯುವ ಈ ಲೆಕ್ಕವೇ ಜಿಪಿಎಸ್‌ನ ತಳಹದಿ.

ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಅಮೆರಿಕದ ಮೂವತ್ತರಷ್ಟು ಉಪಗ್ರಹಗಳು ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಂಥ ಉಪಗ್ರಹ, ಇಂಥ ಜಾಗದಲ್ಲಿದ್ದೇನೆ, ಈಗ ಇಷ್ಟು ಗಂಟೆ" ಎಂದು ರೇಡಿಯೋ ಅಲೆಯಲ್ಲಿ ಸಾರುತ್ತಲೇ ಇರುತ್ತದೆ. ಆ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಬಂದು ನಮ್ಮ ಕೈಯಲ್ಲಿರುವ ಯಂತ್ರವನ್ನು ಮುಟ್ಟುತ್ತದೆ. ಎಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ದೂರ ಸಿಗುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ಜಾಗ ಗೊತ್ತಾಗಬೇಕು. ಆದರೆ ನಮ್ಮ ಯಂತ್ರದೊಳಗಿನ ಗಡಿಯಾರ ಅಗ್ಗದ್ದು, ಉಪಗ್ರಹದಲ್ಲಿರುವಂಥ ಪರಮಾಣು ಗಡಿಯಾರ ಅಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಈ ಗಡಿಯಾರವನ್ನು ಸರಿಪಡಿಸಿಕೊಳ್ಳಲು ನಾಲ್ಕನೆಯ ಉಪಗ್ರಹ ಬೇಕು. ಆದ್ದರಿಂದ ಯಂತ್ರದ ಪರದೆಯಲ್ಲಿ ಕನಿಷ್ಠ 4 ಉಪಗ್ರಹ ಕಾಣಬೇಕು, ಹೆಚ್ಚು ಕಂಡಷ್ಟೂ ಒಳ್ಳೆಯದು.

ಇಲ್ಲಿ ಎರಡು ಮಾತು ಗಮನಿಸಿ. ಒಂದು, ನಮ್ಮ ಯಂತ್ರ ಬರೀ ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ. "ಜಿಪಿಎಸ್ ಇದೆಯಲ್ಲ, ನಾವೆಲ್ಲಿದ್ದೇವೆ ಅಂತ ದಡದವರಿಗೆ ಗೊತ್ತಾಗುತ್ತದೆ" ಎಂದು ನಂಬಿದವರನ್ನು ನಾನು ದಕ್ಕೆಯಲ್ಲಿ ಕಂಡಿದ್ದೇನೆ. ಗೊತ್ತಾಗುವುದಿಲ್ಲ. ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಎರಡು, ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ, ಸಿಮ್ ಬೇಡ, ಇಂಟರ್ನೆಟ್ ಬೇಡ. ಆಕಾಶ ಕಂಡರೆ ಸಾಕು. ಕಡಲಲ್ಲಿ ಮತ್ತು ಘಟ್ಟದಲ್ಲಿ ಅದರ ಬೆಲೆ ಇರುವುದೇ ಇದರಿಂದ.

ಈ ಸೌಲಭ್ಯ ಸಾಮಾನ್ಯ ಜನರಿಗೆ ಸಿಕ್ಕ ಕಥೆಯೂ ದಾರಿ ತಪ್ಪಿದ ಕಥೆಯೇ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಒಂದು ಪ್ರಯಾಣಿಕ ವಿಮಾನ ಹಾದಿ ಬಿಟ್ಟು ಸೋವಿಯತ್ ದೇಶದ ಆಕಾಶಕ್ಕೆ ಹೋಯಿತು. ಅದನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಅದಾದ ಮೇಲೆ, ಸೈನ್ಯಕ್ಕೆಂದು ಕಟ್ಟುತ್ತಿದ್ದ ಜಿಪಿಎಸ್ ಅನ್ನು ನಾಗರಿಕರಿಗೂ ಉಚಿತವಾಗಿ ಕೊಡುವುದಾಗಿ ಅಮೆರಿಕ ಸರ್ಕಾರ ಹೇಳಿತು. 1995ರಲ್ಲಿ ವ್ಯವಸ್ಥೆ ಪೂರ್ತಿಯಾಯಿತು. ಆದರೂ ನಾಗರಿಕರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು, ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಈಗ ತೆರೆದ ಆಕಾಶದ ಕೆಳಗೆ ಸಾಧಾರಣ ಯಂತ್ರವೂ 5ರಿಂದ 10 ಮೀಟರ್ ಒಳಗೆ ಜಾಗ ಹೇಳುತ್ತದೆ.

ಈಗ ಜಿಪಿಎಸ್ ಒಂದೇ ಇಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಇವೆ. ನಮ್ಮ ಇಸ್ರೋ 2013ರಿಂದ 2016ರ ನಡುವೆ 7 ಉಪಗ್ರಹಗಳನ್ನು ಹಾರಿಸಿ ನಾವಿಕ್ ವ್ಯವಸ್ಥೆಯನ್ನು ಕಟ್ಟಿತು. ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಜಿಪಿಎಸ್ ಹೇಳುವ ಜಾಗವನ್ನು ಇನ್ನಷ್ಟು ತಿದ್ದಿ ಕೊಡುವ ಗಗನ್ ಎಂಬ ವ್ಯವಸ್ಥೆಯನ್ನು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿವೆ, ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಇಂಥ ಕೆಲಸಕ್ಕೆ ನಮ್ಮ ಶಾಲೆಯ ಮಕ್ಕಳೂ ಮುಂದೆ ಹೋಗಬೇಕು ಎಂಬುದು ನನ್ನ ಆಸೆ.

ಅಂಕಿಯನ್ನು ಓದುವ ಬಗೆ

ಸಮಾಜ ಪಾಠದಲ್ಲಿ ಅಕ್ಷಾಂಶ, ರೇಖಾಂಶ ಕಲಿತಿದ್ದೇವೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತಿದ್ದೇವೆ. ಜಿಪಿಎಸ್ ಯಂತ್ರ ಮಾತಾಡುವ ಭಾಷೆ ಅದೇ. ನಮ್ಮ ಕರಾವಳಿಯ ಈ ಭಾಗ 14 ಡಿಗ್ರಿ ಉತ್ತರ, 74 ಡಿಗ್ರಿ ಪೂರ್ವದಲ್ಲಿದೆ. ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ಕಡಲಿನವರ ಮೈಲಿ ಹುಟ್ಟಿದ್ದೇ ಹೀಗೆ.

ಒಂದೇ ಜಾಗವನ್ನು ಯಂತ್ರ ಮೂರು ರೀತಿ ಬರೆಯಬಲ್ಲದು. ಬರೀ ಡಿಗ್ರಿಯಲ್ಲಿ 14.525. ಡಿಗ್ರಿ ಮತ್ತು ಮಿನಿಟಿನಲ್ಲಿ 14 ಡಿಗ್ರಿ 31.500 ಮಿನಿಟು. ಸೆಕೆಂಡೂ ಸೇರಿದರೆ 14 ಡಿಗ್ರಿ 31 ಮಿನಿಟು 30 ಸೆಕೆಂಡು. ಮೂರೂ ಒಂದೇ ಜಾಗ. ಈಗ ಒಬ್ಬರು ವೈರ್‌ಲೆಸ್‌ನಲ್ಲಿ "14, 31, 50" ಎಂದು ಹೇಳಿದರು ಅಂದುಕೊಳ್ಳಿ. ಅವರು ಹೇಳಿದ್ದು 31.50 ಮಿನಿಟು. ಕೇಳಿದವರು ಬರೆದುಕೊಂಡದ್ದು 31 ಮಿನಿಟು 50 ಸೆಕೆಂಡು. ನಡುವಿನ ವ್ಯತ್ಯಾಸ 20 ಸೆಕೆಂಡು, ಅಂದರೆ 617 ಮೀಟರ್. ರಾತ್ರಿ ಹೊತ್ತು, ಮಳೆಯಲ್ಲಿ, ನೀರಿಗೆ ಬಿದ್ದವರನ್ನು ಹುಡುಕುವಾಗ 617 ಮೀಟರ್ ಅಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ಹೇಳುವವರು "31 ಪಾಯಿಂಟ್ 50 ಮಿನಿಟು" ಎಂದು ಪೂರ್ತಿ ಹೇಳಬೇಕು. ಒಂದು ದಕ್ಕೆಯ ಬೋಟುಗಳೆಲ್ಲ ಒಂದೇ ಕ್ರಮ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಯಂತ್ರದ ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಲು ಒಂದು ನಿಮಿಷ ಸಾಕು.

ಮೈಲಿಯ ಗೊಂದಲವೂ ಹೀಗೆಯೇ. ರಸ್ತೆಯ ಮೈಲಿ 1.609 ಕಿ.ಮೀ., ಕಡಲಿನ ಮೈಲಿ 1.852 ಕಿ.ಮೀ. 10 ಮೈಲಿ ಅನ್ನುವಾಗ ಎರಡರ ನಡುವೆ ಸುಮಾರು ಎರಡೂವರೆ ಕಿ.ಮೀ. ವ್ಯತ್ಯಾಸ ಬರುತ್ತದೆ. ಯಂತ್ರ ಕೈಗೆ ಬಂದ ಕೂಡಲೇ ಅದು ಯಾವ ಅಳತೆಯಲ್ಲಿದೆ ನೋಡಿಕೊಳ್ಳಿ. ನಕ್ಷೆಯ ಲೆಕ್ಕದ ಆಧಾರ ಡಬ್ಲ್ಯುಜಿಎಸ್ 84 ಎಂದಿರಬೇಕು. ಅದು ಬೇರೆ ಇದ್ದರೆ ಗುರುತೇ ಸರಿದು ಕೂರುತ್ತದೆ.

ತದಡಿ ದಕ್ಕೆಯ ಲೆಕ್ಕ

ಈಗ ಮೂರನೆಯ ಪ್ರಶ್ನೆಗೆ ಬರುತ್ತೇನೆ. ತದಡಿಯ ದಕ್ಕೆಯಲ್ಲಿ ನಿಂತರೆ ಹೊಳೆಯಾಚೆ ಅಘನಾಶಿನಿ ಊರು ಕಾಣುತ್ತದೆ. ಕೈಯಲ್ಲಿರುವ ಯಂತ್ರದಲ್ಲಿ ಅಘನಾಶಿನಿಯನ್ನು ಗುರುತು ಮಾಡಿ "ಗೋ ಟು" ಒತ್ತಿದರೆ ಬಾಣದ ಗುರುತು ನೇರ ಆಚೆ ದಡ ತೋರಿಸುತ್ತದೆ. ದೂರವೂ ತೀರಾ ಸ್ವಲ್ಪ. ದೋಣಿಯವರಿಗೆ ಅದು ಸರಿ. ಟೆಂಪೊದವರು ಅದನ್ನೇ ನಂಬಿದರೆ ಹೊಳೆಗೆ ಇಳಿಯಬೇಕಾಗುತ್ತದೆ! ರಸ್ತೆಯಲ್ಲಿ ಹೋಗುವವರು ಹೆದ್ದಾರಿಗೆ ಬಂದು, ಮಿರ್ಜಾನಿನಲ್ಲಿ ಹೊಳೆ ದಾಟಿ, ಕುಮಟಾ ಮೇಲೆ ಸುತ್ತಿ ಹತ್ತಾರು ಕಿಲೋಮೀಟರ್ ಹೋಗಬೇಕು.

ಅದೇ ದಕ್ಕೆಯಿಂದ ಗೋಕರ್ಣದ ಕಡಲತೀರಕ್ಕೆ ಗುರಿ ಇಡಿ. ಈಗ ಉಲ್ಟಾ ಆಗುತ್ತದೆ. ಬಾಣ ಗುಡ್ಡದ ಮೇಲೆ ಹಾಯುತ್ತದೆ. ದೋಣಿ ಅಳಿವೆಯಿಂದ ಹೊರಬಿದ್ದು, ಓಂ ಬೀಚಿನ ಕಡೆಯ ಗುಡ್ಡಗಳ ಮೂತಿಗಳನ್ನು ದೂರದಿಂದ ಬಳಸಿ ಹೋಗಬೇಕು. ಬಾಣಕ್ಕೆ ಗುಡ್ಡವೂ ಗೊತ್ತಿಲ್ಲ, ನೀರೊಳಗಿನ ಕಲ್ಲೂ ಗೊತ್ತಿಲ್ಲ, ಮರಳೂ ಗೊತ್ತಿಲ್ಲ.

ಆದ್ದರಿಂದ ಒಂದು ಗುರಿಗೆ ಒಂದು ಬಾಣ ಸಾಲದು. ದಾರಿಯನ್ನು ತುಂಡು ಮಾಡಿ, ತಿರುವು ಇರುವಲ್ಲೆಲ್ಲ ಒಂದೊಂದು ಗುರುತು ಇಡಬೇಕು. ಇದನ್ನು ಯಂತ್ರದಲ್ಲಿ ವೇಪಾಯಿಂಟ್ ಎನ್ನುತ್ತಾರೆ. ಅವನ್ನು ಸಾಲಾಗಿ ಕೂಡಿಸಿದರೆ ರೂಟ್ ಆಗುತ್ತದೆ. ಎಲ್ಲಿ ತಿರುಗಬೇಕು, ಎಲ್ಲಿ ಕಲ್ಲಿದೆ, ಎಷ್ಟು ದೂರ ಬಿಟ್ಟು ಹೋಗಬೇಕು ಎಂಬುದನ್ನು ಹೇಳಬೇಕಾದವರು ಆ ದಾರಿಯಲ್ಲಿ ಓಡಾಡಿದ ತಾಂಡೇಲರು, ಡ್ರೈವರುಗಳು. ಯಂತ್ರ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ.

ರಸ್ತೆಯಲ್ಲಿ

"ಮೊಬೈಲಿನಲ್ಲೇ ಮ್ಯಾಪ್ ಇದೆಯಲ್ಲ, ಬೇರೆ ಯಂತ್ರ ಯಾಕೆ?" ಎಂದು ಯುವಕರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮೊಬೈಲಿನೊಳಗೂ ಜಿಪಿಎಸ್ ಇದೆ, ಊರೊಳಗೆ ಅದೇ ಸಾಕು. ಆದರೆ ಅದರ ನಕ್ಷೆ ಬರುವುದು ಇಂಟರ್ನೆಟ್‌ನಿಂದ. ದೇವಿಮನೆ ಘಟ್ಟದಲ್ಲೋ ಗೇರುಸೊಪ್ಪೆ ಘಟ್ಟದಲ್ಲೋ ನೆಟ್‌ವರ್ಕ್ ಹೋದಾಗ ನೀಲಿ ಚುಕ್ಕೆ ಬಿಳಿ ಹಾಳೆಯ ಮೇಲೆ ಕೂತಿರುತ್ತದೆ. ಹೊರಡುವ ಮೊದಲೇ ಮನೆಯಲ್ಲಿ ಆ ಪ್ರದೇಶದ ನಕ್ಷೆಯನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ಈ ತೊಂದರೆಯಿಲ್ಲ. ಮಳೆ, ಧೂಳು, ಇಡೀ ದಿನದ ಕೆಲಸ ಇದ್ದಾಗ ಕೈಯಲ್ಲಿ ಹಿಡಿಯುವ ಯಂತ್ರವೇ ಮೇಲು. ಸೆಲ್ ಮುಗಿದರೆ ದಾರಿಬದಿಯ ಅಂಗಡಿಯಲ್ಲೂ ಹೊಸದು ಸಿಗುತ್ತದೆ.

ಘಟ್ಟದಲ್ಲಿ ಇನ್ನೊಂದು ಸಂಗತಿ ಇದೆ. ಎರಡೂ ಕಡೆ ಎತ್ತರದ ಗುಡ್ಡ, ಮೇಲೆ ದಟ್ಟ ಕಾಡು ಇದ್ದರೆ ಆಕಾಶ ಕಿರಿದಾಗುತ್ತದೆ. ಉಪಗ್ರಹದ ಅಲೆ ಬಂಡೆಗೆ ಬಡಿದು ಸುತ್ತಿ ಬಂದರೆ ಯಂತ್ರ ಹೆಚ್ಚು ದೂರ ಎಂದು ತಿಳಿದುಕೊಂಡು ಪಕ್ಕದ ತಿರುವಿನಲ್ಲಿ ನಮ್ಮನ್ನು ತೋರಿಸುತ್ತದೆ. ತಿರುವಿನಲ್ಲಿ ನೋಡಬೇಕಾದದ್ದು ರಸ್ತೆಯನ್ನು. ಪರದೆ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದ್ದು. ಒಬ್ಬರೇ ಇದ್ದರೆ ಗಾಡಿ ಬದಿಗೆ ನಿಲ್ಲಿಸಿ ನೋಡಿ.

ನಕ್ಷೆ ಹತ್ತಿರದ ದಾರಿ ತೋರಿಸಿತೆಂದು ಮಳೆಗಾಲದಲ್ಲಿ ಒಳರಸ್ತೆಗೆ ಇಳಿಯಬೇಡಿ. ಕಿರುಸೇತುವೆ ಮೇಲೆ ನೀರು ಬಂದಿದೆಯೋ, ಧರೆ ಕುಸಿದಿದೆಯೋ ನಕ್ಷೆಗೆ ಕೂಡಲೇ ತಿಳಿಯುವುದಿಲ್ಲ. ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ. "ಅಣ್ಣಾ, ಮುಂದೆ ರಸ್ತೆ ಸರಿ ಇದ್ಯಾ?" ಎಂಬ ಪ್ರಶ್ನೆಗೆ ಸಿಗುವ ಉತ್ತರ ಯಾವ ಉಪಗ್ರಹದಲ್ಲೂ ಇಲ್ಲ.

ರಸ್ತೆಯ ಮಾತು ಮುಗಿಸುವ ಮೊದಲು ಒಂದು ಕೋರಿಕೆ. ನಮ್ಮ ಜಿಲ್ಲೆಯ ಮನೆಗಳು ಒಂದೊಂದು ಕೇರಿಯಲ್ಲಿ, ತೋಟದ ಒಳಗೆ, ಗುಡ್ಡದ ಬುಡದಲ್ಲಿ ಚದುರಿವೆ. ರಾತ್ರಿ ಆಂಬುಲೆನ್ಸ್ ಕರೆದರೆ "ದೊಡ್ಡ ಹಲಸಿನ ಮರ ದಾಟಿ ಎಡಕ್ಕೆ" ಎಂದು ಹೇಳುತ್ತೇವೆ. ಹೊರಗಿನಿಂದ ಬಂದ ಡ್ರೈವರಿಗೆ ಕತ್ತಲಲ್ಲಿ ಹಲಸು ಯಾವುದು, ಮಾವು ಯಾವುದು? ಪ್ರತಿ ಮನೆಯವರೂ ತಮ್ಮ ಮನೆಯ ಅಂಗಳದ ಅಕ್ಷಾಂಶ ರೇಖಾಂಶ, ಮತ್ತು ಗಾಡಿ ಬಂದು ನಿಲ್ಲುವ ಜಾಗದ್ದೂ, ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿಡಿ. ಅಂಗಳ ಬೇರೆ, ಗಾಡಿ ನಿಲ್ಲುವ ಜಾಗ ಬೇರೆ ಎಂಬುದು ಮರೆಯಬೇಡಿ. ಇದಕ್ಕೆ ಹಣ ಬೇಡ, ಒಬ್ಬ ಒಂಬತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ಸಾಕು.

ಕಡಲಲ್ಲಿ

ಈ ಸಭೆಯಲ್ಲಿ ನನಗಿಂತ ಕಡಲು ಹೆಚ್ಚು ಬಲ್ಲವರು ಬಹಳ ಜನ ಇದ್ದೀರಿ. ಯಂತ್ರದ ಬಗ್ಗೆ ಮಾತ್ರ ಹೇಳುತ್ತೇನೆ.

ಆಗಸ್ಟ್‌ನಲ್ಲಿ ಮೀನುಗಾರಿಕೆ ಶುರುವಾಗುವ ಮೊದಲು ಯಂತ್ರವನ್ನು ಹೊರಗೆ ತೆರೆದ ಜಾಗದಲ್ಲಿ 15 ನಿಮಿಷ ಇಡಿ. ಬಹಳ ದಿನ ಮುಚ್ಚಿಟ್ಟ ಯಂತ್ರಕ್ಕೆ ಎಲ್ಲ ಉಪಗ್ರಹಗಳ ಹೊಸ ಪಟ್ಟಿ ಇಳಿಸಿಕೊಳ್ಳಲು ಹನ್ನೆರಡೂವರೆ ನಿಮಿಷ ಬೇಕು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಅವಧಿಯಲ್ಲಿ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೆಲ್ ಸೋರಿ, ಉಪ್ಪುಗಾಳಿಯೂ ಸೇರಿ ತಗಡು ತಿಂದು ಹಾಕುತ್ತದೆ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡವರು ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಕೆಲವು ಹಳೆಯ ಯಂತ್ರಗಳು ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸತೊಡಗಿದವು. ಜಾಗ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಆದರೆ ಅಂಥ ಯಂತ್ರ ಹೇಳುವ ಉಬ್ಬರ ಇಳಿತದ ಹೊತ್ತನ್ನು ನಂಬಬಾರದು.

ಅಳಿವೆಯ ವಿಷಯ ಎಲ್ಲಕ್ಕಿಂತ ಮುಖ್ಯ. ಮಳೆಗಾಲದ ಹೊಳೆನೀರು ಮತ್ತು ಕಡಲಿನ ಅಲೆ ಸೇರಿ ಅಳಿವೆ ಬಾಯಿಯ ಮರಳನ್ನು ಸರಿಸುತ್ತವೆ. ಹೋದ ವರ್ಷ ಆಳ ಇದ್ದಲ್ಲಿ ಈ ವರ್ಷ ದಿಬ್ಬ ಎದ್ದಿರಬಹುದು. ಯಂತ್ರದಲ್ಲಿ ಮಾತ್ರ ಹೋದ ವರ್ಷದ ಗೆರೆ ಹಾಗೆಯೇ ಉಳಿದಿರುತ್ತದೆ, ಅದು ತಪ್ಪೆಂದು ಯಂತ್ರ ಹೇಳುವುದಿಲ್ಲ. ಆದ್ದರಿಂದ ಅಳಿವೆಯ ಗುರುತುಗಳನ್ನು ಪ್ರತಿ ವರ್ಷ ಅಳಿಸಿ, ಹಗಲು ಹೊತ್ತಿನಲ್ಲಿ, ಉಬ್ಬರ ಏರುವಾಗ, ಕೋಲು ಹಾಕಿ ಆಳ ನೋಡಿಕೊಂಡು ಹೊಸದಾಗಿ ಇಡಬೇಕು. ಹೆಸರಿನ ಜೊತೆ ವರ್ಷವನ್ನೂ ಸೇರಿಸಿ. ಅಳಿವೆಯ ಹೊರಗೆ ಆಳ ಖಚಿತವಾಗಿರುವ ಕಡೆ ಒಂದು ಗುರುತು ಇಡಿ. ರಾತ್ರಿ ಬಂದವರು ಯಂತ್ರ ನಂಬಿ ಅಲ್ಲಿಯವರೆಗೆ ಬರಬಹುದು, ಒಳಗೆ ನುಗ್ಗಲು ಬೆಳಕು ಮತ್ತು ನೀರು ನೋಡಬೇಕು.

ಪರದೆಯಲ್ಲಿ ಎರಡು ದಿಕ್ಕು ಕಾಣುತ್ತವೆ. ಬೇರಿಂಗ್ ಎಂದರೆ ಗುರಿ ಇರುವ ದಿಕ್ಕು. ಕೋರ್ಸ್ ಎಂದರೆ ದೋಣಿ ನಿಜವಾಗಿ ಸಾಗುತ್ತಿರುವ ದಿಕ್ಕು. ದೋಣಿಯ ಮೂತಿ ಗುರಿಯ ಕಡೆಗೇ ಇದ್ದರೂ ನೀರಿನ ಸೆಳೆತ ಪಕ್ಕಕ್ಕೆ ಒಯ್ಯುತ್ತಿರಬಹುದು. ಆಗ ಈ ಎರಡು ಅಂಕಿ ಬೇರೆ ಬೇರೆ ಇರುತ್ತವೆ. ಎರಡೂ ಒಂದಾಗುವವರೆಗೆ ಚುಕ್ಕಾಣಿ ತಿದ್ದಿದರೆ ನೇರ ಗುರಿಗೆ ಹೋಗುತ್ತೀರಿ, ಡೀಸೆಲ್ ಉಳಿಯುತ್ತದೆ. ನಿಂತ ದೋಣಿಯಲ್ಲಿ ಬರೀ ಜಿಪಿಎಸ್‌ಗೆ ದಿಕ್ಕು ತಿಳಿಯುವುದಿಲ್ಲ, ಚಲಿಸಿದರೆ ಮಾತ್ರ ತಿಳಿಯುತ್ತದೆ. ಅದಕ್ಕೇ ದೋಣಿಯಲ್ಲಿ ಒಂದು ದಿಕ್ಸೂಚಿ ಇರಲೇಬೇಕು. ಸೆಲ್ ಸತ್ತರೂ ಅದು ಉತ್ತರ ತೋರಿಸುತ್ತದೆ.

ಕಡಲಿಗೆಂದು ಮಾಡಿದ ಯಂತ್ರಗಳಲ್ಲಿ "ಎಂಒಬಿ" ಎಂಬ ಸೌಲಭ್ಯ ಇರುತ್ತದೆ. ಯಾರಾದರೂ ನೀರಿಗೆ ಬಿದ್ದ ಕ್ಷಣವೇ ಅದನ್ನು ಒತ್ತಿದರೆ ಆ ಜಾಗ ಉಳಿಯುತ್ತದೆ. 6 ನಾಟ್ ವೇಗದ ಬೋಟು ಒಂದು ನಿಮಿಷದಲ್ಲಿ ಸುಮಾರು 185 ಮೀಟರ್ ಮುಂದೆ ಹೋಗಿರುತ್ತದೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆದರೆ ಬಿದ್ದವರೂ ನೀರಿನ ಸೆಳೆತಕ್ಕೆ ಸಿಕ್ಕಿ ಸರಿಯುತ್ತಾರೆ. ಆ ಗುರುತಿಗೆ ಮರಳಿ, ಅಲ್ಲಿಂದ ಸೆಳೆತದ ದಿಕ್ಕಿಗೆ ಹುಡುಕಬೇಕು. ಈ ಗುಂಡಿ ಎಲ್ಲಿದೆ ಎಂಬುದು ಬೋಟಿನಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಬಿದ್ದದ್ದು ತಾಂಡೇಲರೇ ಆದರೆ?

ಈಗ ಒಂದು ಭಾರವಾದ ಮಾತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟನ್ನು ನಮ್ಮ ಕರಾವಳಿ ಮರೆತಿಲ್ಲ. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮೀನುಗಾರರಿದ್ದರು. ಡಿಸೆಂಬರ್ 15ರ ರಾತ್ರಿಯ ನಂತರ ಸಂಪರ್ಕ ತಪ್ಪಿತು. ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಾಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಆರಂಭದಲ್ಲಿ. ನಾಲ್ಕೂವರೆ ತಿಂಗಳು ಆ ಮನೆಗಳವರು ಕಾದರು. ಒಂದು ಯಂತ್ರ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ಹೇಳುವ ಅಧಿಕಾರ ನನಗಿಲ್ಲ, ಯಾರಿಗೂ ಇಲ್ಲ. ಆದರೆ ಕಡಲಲ್ಲಿ ಹುಡುಕುವವರಿಗೆ ಕೊನೆಯ ಜಾಗ ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ಎಷ್ಟು ಅಂತರ ಎಂಬುದನ್ನು ಆ ನಾಲ್ಕೂವರೆ ತಿಂಗಳು ನಮಗೆ ಹೇಳಿವೆ.

ಆದ್ದರಿಂದ ಜಾಗ ಗೊತ್ತಿದ್ದರೆ ಸಾಲದು, ಅದನ್ನು ದಡಕ್ಕೆ ಹೇಳಬೇಕು. ಹೊರಡುವಾಗ ಯಾವ ಕಡೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಮನೆಯಲ್ಲಿ ಬರೆದಿಟ್ಟು ಹೋಗಿ. ದಿನಕ್ಕೆ ಎರಡು ಸಲ, ನಿಗದಿ ಮಾಡಿದ ಹೊತ್ತಿಗೆ, ವೈರ್‌ಲೆಸ್‌ನಲ್ಲಿ ಪಕ್ಕದ ಬೋಟಿಗಾದರೂ ನಿಮ್ಮ ಅಂಕಿ ಹೇಳಿ. ಕೇಳಿದವರು ಬರೆದುಕೊಳ್ಳಿ. ವಿಎಚ್‌ಎಫ್‌ನಲ್ಲಿ ಅಪಾಯದ ಕರೆಗೆ 16ನೇ ಚಾನೆಲ್, ಫೋನ್ ಸಿಗುವ ಕಡೆ ಕರಾವಳಿ ಕಾವಲು ಪಡೆಯ 1554. ಅಪಾಯದ ಸಂಕೇತವನ್ನು ಉಪಗ್ರಹದ ಮೂಲಕ ದಡಕ್ಕೆ ಕಳಿಸುವ ಉಪಕರಣವನ್ನು ಇಸ್ರೋ ಮೀನುಗಾರರಿಗೆಂದೇ ರೂಪಿಸಿದೆ. 2024ರಲ್ಲಿ ಬಂದ ಅದರ ಹೊಸ ಮಾದರಿಯಲ್ಲಿ ನಮ್ಮ ಕರೆ ಮುಟ್ಟಿತು ಎಂಬ ಮರುಸಂಕೇತವೂ ಬರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಆದರೆ ವಿದೇಶದಿಂದ ತರಿಸಿದ ಸ್ಯಾಟಲೈಟ್ ಫೋನ್, ಸಂದೇಶ ಕಳಿಸುವ ಯಂತ್ರಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಬರೀ ಕೇಳುವ ಜಿಪಿಎಸ್ ಬೇರೆ, ಕಳಿಸುವ ಯಂತ್ರ ಬೇರೆ.

ಮೀನಿನ ವಿಷಯಕ್ಕೂ ಇದು ನೆರವಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ, ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಹಸಿರನ್ನು ಉಪಗ್ರಹದಿಂದ ನೋಡಿ, ಮೀನು ಸೇರಬಹುದಾದ ಜಾಗಗಳನ್ನು ತಿಳಿಸುತ್ತದೆ. ಯಾವ ದಕ್ಕೆಯಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ, ಅಕ್ಷಾಂಶ ರೇಖಾಂಶ ಎಷ್ಟು ಎಂಬುದೆಲ್ಲ ಕನ್ನಡದಲ್ಲೇ ಸಿಗುತ್ತದೆ. ಮೋಡ ಮುಚ್ಚಿದ ದಿನ ಸಿಗುವುದಿಲ್ಲ. 2017ರ ಒಖಿ ಚಂಡಮಾರುತ ಬಂದಾಗ ಆಳಸಮುದ್ರದಲ್ಲಿದ್ದವರಿಗೆ ಎಚ್ಚರಿಕೆ ಮುಟ್ಟಲಿಲ್ಲ. ಆಮೇಲೆ, ದಡದಿಂದ ಬಹುದೂರ ಇರುವವರಿಗೂ ಸೂಚನೆ ಮುಟ್ಟಿಸಲು 2019ರಲ್ಲಿ ಜೆಮಿನಿ ಎಂಬ ಉಪಕರಣ ತಂದರು. ಅದೂ ಕೇಳುವ ಯಂತ್ರವೇ.

ಹಿರಿಯರ ಗುರುತು, ಮಕ್ಕಳ ಕೆಲಸ

ಯಂತ್ರ ಬರುವ ಮೊದಲು ನಮ್ಮವರು ದಾರಿ ತಪ್ಪುತ್ತಿದ್ದರೇ? ಇಲ್ಲ. ದಡದ ಮೇಲೆ ಎರಡು ಗುರುತು, ಒಂದು ತೆಂಗಿನ ತೋಪು, ಅದರ ಹಿಂದೆ ಒಂದು ಗುಡ್ಡದ ತಲೆ, ಒಂದೇ ಗೆರೆಗೆ ಬಂದರೆ ದೋಣಿ ಆ ಗೆರೆಯ ಮೇಲಿದೆ. ಇನ್ನೊಂದು ಕಡೆ ಇನ್ನೆರಡು ಗುರುತು ಕೂಡಿದರೆ ಎರಡು ಗೆರೆ ಕತ್ತರಿಸುವಲ್ಲಿ ದೋಣಿ ಇದೆ. ಆಳವನ್ನು ಮಾರಿನ ಲೆಕ್ಕದಲ್ಲಿ ಹಗ್ಗ ಬಿಟ್ಟು ನೋಡುತ್ತಿದ್ದರು. ರಾತ್ರಿ ನಕ್ಷತ್ರ. ಗೊತ್ತಿರುವ ಗುರುತುಗಳಿಂದ ಗೊತ್ತಿಲ್ಲದ ಜಾಗ ಕಂಡುಹಿಡಿಯುವುದು, ಇದೇ ಲೆಕ್ಕವನ್ನು ಜಿಪಿಎಸ್ ಆಕಾಶದ ಗುರುತುಗಳಿಂದ ಮಾಡುತ್ತದೆ. ಬುದ್ಧಿ ಒಂದೇ, ಉಪಕರಣ ಬೇರೆ.

ಆದರೆ ಆ ಗುರುತುಗಳ ಜೊತೆ ಇನ್ನೊಂದು ಸಂಪತ್ತಿತ್ತು. ನೀರೊಳಗಿನ ಪ್ರತಿ ಕಲ್ಲಿಗೂ, ಪ್ರತಿ ದಿಬ್ಬಕ್ಕೂ ಒಂದು ಹೆಸರಿತ್ತು. ಯಾವ ಗಾಳಿಗೆ ಅಲ್ಲಿ ಅಲೆ ಒಡೆಯುತ್ತದೆ, ಎಷ್ಟು ದೂರ ಬಿಟ್ಟು ಹೋಗಬೇಕು ಎಂಬುದು ಹೆಸರಿನ ಜೊತೆಗೇ ಇತ್ತು. ಯಂತ್ರದಲ್ಲಿ ಅದು 001, 002 ಎಂಬ ಅಂಕಿಯಾಗಿದೆ. ಯಂತ್ರ ಕೆಟ್ಟ ದಿನ ಅಂಕಿಯೂ ಹೋಗುತ್ತದೆ. ಹೆಸರು ಬಲ್ಲವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ನಡುವೆ ಏನಿದೆ ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಬಲ್ಲವರು ಅವರೇ.

ಅದಕ್ಕೆ ಶಾಲೆಯ ಮುಂದೆ ಒಂದು ಸಲಹೆ ಇಡುತ್ತೇನೆ. ನಮ್ಮ ಬ್ಯಾಚಿನ ಗೆಳೆಯರು ಸೇರಿ ಶಾಲೆಗೆ ಎರಡು ಕೈ ಜಿಪಿಎಸ್ ಯಂತ್ರ ಕೊಡುತ್ತೇವೆ. ಜೂನ್, ಜುಲೈನಲ್ಲಿ ಬೋಟುಗಳು ದಡದಲ್ಲಿರುವಾಗ ಒಂಬತ್ತನೆಯ ತರಗತಿಯ ಮಕ್ಕಳು ಹಿರಿಯರ ಹತ್ತಿರ ಕೂತು ಕಲ್ಲುಗಳ ಹೆಸರು, ದಡದ ಗುರುತು, ಅಲೆ ಒಡೆಯುವ ಜಾಗಗಳನ್ನು ಒಂದು ಪುಸ್ತಕದಲ್ಲಿ ಬರೆಯಲಿ. ಋತು ಶುರುವಾದ ಮೇಲೆ ತಾಂಡೇಲರು ಒಂದು ಯಂತ್ರ ಒಯ್ದು ಆ ಹೆಸರುಗಳಿಗೆ ಅಂಕಿ ತರಲಿ. ಮಕ್ಕಳು ಇನ್ನೊಂದು ಯಂತ್ರ ಹಿಡಿದು ಊರಿನ ಕೇರಿ, ಬಾವಿ, ಕಿರುಸೇತುವೆ, ಆಂಬುಲೆನ್ಸ್ ನಿಲ್ಲುವ ಜಾಗಗಳನ್ನು ಗುರುತಿಸಲಿ. ಒಂದು ಷರತ್ತು: ಅಪಾಯದ ಜಾಗಗಳನ್ನು ಮಾತ್ರ ಬರೆಯೋಣ. ಮೀನು ಸಿಗುವ ಜಾಗ ಒಬ್ಬೊಬ್ಬರ ಹೊಟ್ಟೆಪಾಡು, ಅದನ್ನು ಕೇಳುವ ಹಕ್ಕು ನಮಗಿಲ್ಲ. ಕಲ್ಲು ಎಲ್ಲರಿಗೂ ಒಂದೇ ಕಲ್ಲು. ಆ ಪುಸ್ತಕದ ಒಂದು ಪ್ರತಿ ಶಾಲೆಯಲ್ಲಿ, ಒಂದು ಮೀನುಗಾರರ ಸಂಘದಲ್ಲಿ ಇರಲಿ. ಅಳಿವೆಯ ಪುಟ ಮಾತ್ರ ಪ್ರತಿ ವರ್ಷ ಹೊಸದಾಗಿ ಬರೆಯುವಂತಿರಲಿ.

ಸುವರ್ಣ ಮಹೋತ್ಸವದ ಕಮಾನು, ದೀಪ ನಾಳೆ ಇಳಿಸುತ್ತಾರೆ. ಈ ಪುಸ್ತಕ ಮುಂದಿನ ವರ್ಷ ಒಂದು ಬೋಟನ್ನು ಒಂದು ಕಲ್ಲಿನಿಂದ ತಪ್ಪಿಸಿದರೂ ಸಾಕು. ಶಾಲೆಯವರು ಒಪ್ಪಿದರೆ ಬರುವ ಜೂನ್ ಮೊದಲ ವಾರ ನಾನು ರಜೆ ಹಾಕಿ ಬರುತ್ತೇನೆ. ಮಕ್ಕಳಿಗೆ ಯಂತ್ರ ಹಿಡಿಯಲು ಹೇಳಿಕೊಡುವುದು ನನ್ನ ಪಾಲಿಗಿರಲಿ. ಕಲ್ಲಿನ ಹೆಸರು ಹೇಳಲು ಅಜ್ಜಂದಿರು ದಯಮಾಡಿ ಬರಬೇಕು.